ಒಪ್ಪಿಸಿದ ವಸ್ತುವೂ ಒಪ್ಪಿಕೊಂಡವನ ಹೊಣೆಯೂ

ದರ್ಜಿಗೆ ಬಟ್ಟೆ, ಅಕ್ಕಸಾಲಿಗನಿಗೆ ಬಂಗಾರ, ರಿಪೇರಿಯವನಿಗೆ ಗಡಿಯಾರ: ಹೀಗೆ ನಮ್ಮ ವಸ್ತುವನ್ನು ಒಂದು ಕೆಲಸಕ್ಕಾಗಿ ಮತ್ತೊಬ್ಬರ ಕೈಗೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ಮರಳಿ ಪಡೆಯುವುದು ಲೋಕದಲ್ಲಿ ಹಿಂದಿನಿಂದಲೂ ನಡೆದುಬಂದ ವ್ಯವಹಾರ. ಇದರಲ್ಲಿ ವಸ್ತು ಕೈ ಬದಲಾಯಿಸುತ್ತದೆಯೇ ಹೊರತು ಒಡೆತನ ಬದಲಾಗುವುದಿಲ್ಲ. ಕಾರನ್ನು ಸರ್ವಿಸಿಗೆ ಬಿಡುವುದೂ ಇದೇ ಬಗೆಯ ವ್ಯವಹಾರವೇ ಆಗಿದೆ. ಈ ಪಾಠದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಒಪ್ಪಿಸಿದವರ ಹಕ್ಕೇನು, ಒಪ್ಪಿಕೊಂಡವರ ಹೊಣೆಯೇನು ಎಂಬುದನ್ನು ವಿಚಾರ ಮಾಡೋಣ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಗೃಹಸ್ಥರೊಬ್ಬರು ಟಯರು ಬದಲಾಯಿಸಲೆಂದು ಬೆಳಿಗ್ಗೆ ತಮ್ಮ ಕಾರನ್ನು ಅದನ್ನು ಮಾರಿದ ಸಂಸ್ಥೆಯ ಸರ್ವಿಸ್ ಸೆಂಟರಿನಲ್ಲಿ ಬಿಡುತ್ತಾರೆ. ಸಂಜೆ ಮರಳಿ ತಂದು ನೋಡಿದರೆ ಮುಂದಿನ ಚಕ್ರವೊಂದರ ರಿಮ್ಮು ಗೀರಿದೆ. ಅಂಚು ಒಂದೆಡೆ ಬಾಗಿದೆ. ವಿಚಾರಿಸಿದರೆ, "ಅದು ಮೊದಲೇ ಹಾಗಿತ್ತು" ಎಂಬ ಉತ್ತರ ಬರುತ್ತದೆ. ಚಕ್ರಕ್ಕೆ ಬಾಯಿಲ್ಲ. ಬೆಳಿಗ್ಗೆ ಅದು ಹೇಗಿತ್ತೆಂಬುದಕ್ಕೆ ಬರಹವಿದ್ದರೆ ಅದೇ ಸಾಕ್ಷಿ. ಇಲ್ಲವಾದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರಾಗಿ ನಿಲ್ಲುತ್ತದೆ.

ಚಕ್ರಕ್ಕೆ ಪೆಟ್ಟು ತಗಲುವ ಬಗೆ

ಈಗಿನ ಅನೇಕ ಕಾರುಗಳ ರಿಮ್ಮುಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಇವು ಹಗುರ, ನೋಟಕ್ಕೆ ಚೆಲುವು. ಆದರೆ ಬಲವಾದ ಪೆಟ್ಟು ಬಿದ್ದರೆ ಬಾಗುವುದಲ್ಲದೆ ಬಿರುಕು ಬಿಡುವುದೂ ಉಂಟು. ಟಯರನ್ನು ಕಳಚುವ ಯಂತ್ರವನ್ನು ಅಜಾಗರೂಕತೆಯಿಂದ ನಡೆಸಿದರೆ ರಿಮ್ಮಿನ ಅಂಚು ಗೀರುತ್ತದೆ. ಗಾಳಿಯ ಒತ್ತಡದಿಂದ ತಿರುಗುವ ಗನ್ನಿನಿಂದ ನಟ್ಟುಗಳನ್ನು ಮಿತಿಮೀರಿ ಬಿಗಿದರೆ ಬೋಲ್ಟಿನ ಮರೆ ಕೆಡುತ್ತದೆ. ನಟ್ಟುಗಳನ್ನು ಒಂದರ ಪಕ್ಕದ ಮತ್ತೊಂದರಂತೆ ಸುತ್ತಿನಲ್ಲಿ ಬಿಗಿಯದೆ, ಎದುರುಬದುರಾಗಿ ಬಿಗಿದು, ಕೊನೆಗೆ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಪ್ರಮಾಣಕ್ಕೆ ತರುವುದೇ ಸರಿಯಾದ ಕ್ರಮ.

ಗೀರು ಬರಿಯ ಅಂದದ ಮಾತಾಗಿರಬಹುದು. ಬಾಗು ಮತ್ತು ಬಿರುಕು ಹಾಗಲ್ಲ. ಬಾಗಿದ ಚಕ್ರದಿಂದ ಗಾಡಿ ನಡುಗುತ್ತದೆ, ಗಾಳಿ ಸೋರುತ್ತದೆ. ಬಿರುಕು ಬಿಟ್ಟ ಚಕ್ರ ಓಡುತ್ತಿರುವಾಗಲೇ ಒಡೆದರೆ ಮನೆಮಂದಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಬಿರುಕಿನ ಸಂಶಯವಿದ್ದರೆ ಗಾಡಿಯನ್ನು ಓಡಿಸಬಾರದು. ಬೆಸುಗೆ ಹಾಕಿ ಕೊಡುತ್ತೇವೆಂದರೂ ಒಪ್ಪದೆ, ಬೇರೆ ಚಕ್ರವನ್ನೇ ಕೇಳುವುದು ಕ್ಷೇಮ.

ಶಾಸನದ ಮಾತು

1872ರ ಭಾರತೀಯ ಕರಾರು ಅಧಿನಿಯಮದ 148ನೆಯ ಪ್ರಕರಣವು ಇಂಥ ಒಪ್ಪಿಸುವಿಕೆಗೆ ಬೈಲ್‌ಮೆಂಟ್ ಎಂದು ಹೆಸರು ಕೊಟ್ಟಿದೆ. 151ನೆಯ ಪ್ರಕರಣದ ತಾತ್ಪರ್ಯ ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು: ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥದೇ ಸಂದರ್ಭದಲ್ಲಿ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುವನೋ ಅಷ್ಟೇ ಜೋಪಾನದಿಂದ ಒಪ್ಪಿಕೊಂಡ ವಸ್ತುವನ್ನು ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿಯೂ ಹಾನಿಯಾದರೆ, ವಿಶೇಷ ಕರಾರು ಇಲ್ಲದಿರುವಾಗ, ಅವನು ಹೊಣೆಯಲ್ಲವೆಂದು 152ನೆಯ ಪ್ರಕರಣ ಹೇಳುತ್ತದೆ. ಹೀಗೆ ಶಾಸನವು ಇಬ್ಬರಿಗೂ ನ್ಯಾಯವನ್ನು ತೂಗಿದೆ.

"ಗಾಡಿಯನ್ನು ಮಾಲೀಕರ ಹೊಣೆಯಲ್ಲೇ ಬಿಡತಕ್ಕದ್ದು" ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದರೆ? ಇದಕ್ಕೆ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಬೆಳಕು ಚೆಲ್ಲುತ್ತದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು, ಕಾರನ್ನು ನಿಲ್ಲಿಸಲು ಹೋಟೆಲಿನ ಕೆಲಸಗಾರನಿಗೆ ಕೀಲಿಕೈ ಕೊಟ್ಟಿದ್ದರು, ಕಾರು ಕಳವಾಯಿತು. ಚೀಟಿಯಲ್ಲಿ ಮಾಲೀಕರದೇ ಹೊಣೆ ಎಂಬ ಮಾತಿತ್ತು. 2019ರ ನವೆಂಬರಿನಲ್ಲಿ ನ್ಯಾಯಾಲಯವು, ಕಾರನ್ನು ವಶಕ್ಕೆ ಪಡೆದ ಮೇಲೆ ಅದನ್ನು ಸುರಕ್ಷಿತವಾಗಿ ಮರಳಿಸುವ ಹೊಣೆ ಹೋಟೆಲಿನದೆಂದೂ, ತನ್ನ ಅಲಕ್ಷ್ಯದಿಂದ ಹಾನಿಯಾಗಲಿಲ್ಲವೆಂದು ಮೊದಲು ತೋರಿಸಬೇಕಾದವರು ಹೋಟೆಲಿನವರೇ ಎಂದೂ, ಅಚ್ಚಾದ ಷರತ್ತಿನ ಮರೆಯಲ್ಲಿ ತನ್ನ ಅಲಕ್ಷ್ಯದಿಂದ ಪಾರಾಗಲಾಗದೆಂದೂ ತೀರ್ಮಾನಿಸಿತು. ಪ್ರಕರಣ ಹೋಟೆಲಿನದಾದರೂ ಆಧಾರವಾದದ್ದು ನಾವು ಮೇಲೆ ಹೇಳಿದ ಅದೇ ಕರಾರು ಶಾಸನ.

ನಡೆಯಬೇಕಾದ ಕ್ರಮ

1. ಗಾಡಿಯನ್ನು ಒಪ್ಪಿಸುವಾಗಲೇ ಸುತ್ತ ನಡೆದು ನೋಡಬೇಕು. ಮೊದಲೇ ಇರುವ ಗೀರುಗಳನ್ನು ಮುಚ್ಚಿಡದೆ ಜಾಬ್ ಕಾರ್ಡಿನಲ್ಲಿ ಬರೆಯಿಸಿ ಒಂದು ಪ್ರತಿಯನ್ನು ಪಡೆಯಬೇಕು. ನಾಲ್ಕು ಚಕ್ರಗಳ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಡಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು.

2. ಮರಳಿ ಪಡೆಯುವಾಗ ಹಣ ಕೊಡುವುದಕ್ಕೆ ಮೊದಲು, ಬೆಳಕಿರುವಲ್ಲಿ ಮತ್ತೆ ನೋಡಬೇಕು. ಹೊಸ ಗೀರಿನ ಲೋಹ ಹೊಳೆಯುತ್ತದೆ. ಹಳೆಯದು ಮಂಕಾಗಿ, ಕೊಳೆ ಕೂತಿರುತ್ತದೆ. ಹಾನಿ ಕಂಡರೆ ಅಲ್ಲಿಯೇ ಮ್ಯಾನೇಜರರಿಗೆ ತೋರಿಸಿ ಬರಹದಲ್ಲಿ ದಾಖಲಿಸಬೇಕು.

3. ಸಿಟ್ಟಿನಿಂದ ಹಣ ಕೊಡಲಾರೆನೆನ್ನುವುದು ಜಾಣತನವಲ್ಲ. ಮಾಡಿದ ಕೆಲಸದ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆದಿಡುವ ಹಕ್ಕನ್ನು 170ನೆಯ ಪ್ರಕರಣ ಕೆಲಸ ಮಾಡಿದವನಿಗೆ ಕೊಟ್ಟಿದೆ. ಆದುದರಿಂದ "ಚಕ್ರದ ಹಾನಿಯ ಬಗ್ಗೆ ಆಕ್ಷೇಪಣೆಯೊಡನೆ ಪಾವತಿ ಮಾಡಿದ್ದೇನೆ" ಎಂದು ಬರೆದು ಹಣ ಕೊಡುವುದು ಮೇಲು.

4. ಬಳಿಕ ಸಂಸ್ಥೆಗೆ ಸೌಮ್ಯವಾದ ಪತ್ರ ಬರೆಯಬೇಕು. ಗಾಡಿಯ ಸಂಖ್ಯೆ, ಜಾಬ್ ಕಾರ್ಡಿನ ಸಂಖ್ಯೆ, ಕಂಡ ಹಾನಿ, ಬೇಕಾದ ಪರಿಹಾರ, ಉತ್ತರಕ್ಕೆ 15 ದಿನಗಳ ಅವಧಿ, ಇಷ್ಟಿದ್ದರೆ ಸಾಕು. ಬೈಗುಳ ಬೇಡ. ತಪ್ಪು ಮಾಡಿದ ಹುಡುಗನ ಸಂಬಳ ಕಡಿಯಿರೆಂದೂ ಕೇಳಬೇಡಿ. ಕೆಲಸದಲ್ಲಿ ನೌಕರನಿಂದಾದ ಲೋಪಕ್ಕೆ ಗ್ರಾಹಕನಿಗೆ ಉತ್ತರ ಕೊಡಬೇಕಾದದ್ದು ಸಂಸ್ಥೆ.

ಉತ್ತರ ಬಾರದಿದ್ದರೆ

ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು. ಅದು ಕನ್ನಡವೂ ಸೇರಿ 17 ಭಾಷೆಗಳಲ್ಲಿ ಸೇವೆ ಸಲ್ಲಿಸುತ್ತದೆ. ನಮ್ಮ ಅಜ್ಜ ಅಜ್ಜಿಯರೂ ತಾಯ್ನುಡಿಯಲ್ಲೇ ಅಹವಾಲು ಹೇಳಬಹುದೆಂಬುದು ಗಡಿನಾಡಿನವರಾದ ನಮಗೆ ಸಣ್ಣ ಸಂಗತಿಯಲ್ಲ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು.

ಇಲ್ಲಿ ಗಡಿನಾಡಿಗರು ತಿಳಿಯಬೇಕಾದ ಇನ್ನೊಂದು ಮಾತಿದೆ. ಮಂಜೇಶ್ವರ, ಕಾಸರಗೋಡುಗಳವರು ಗಾಡಿಯನ್ನು ಮಂಗಳೂರಿನಲ್ಲಿ ಸರ್ವಿಸಿಗೆ ಬಿಟ್ಟರೆಂದು ಇಟ್ಟುಕೊಳ್ಳೋಣ. 1986ರ ಶಾಸನದ ಕಾಲದಲ್ಲಿ ಎದುರುಪಕ್ಷದವರಿರುವ ಇಲ್ಲವೆ ದೂರಿನ ಕಾರಣ ಹುಟ್ಟಿದ ಸ್ಥಳದ ವೇದಿಕೆಗೇ ಅಲೆಯಬೇಕಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ, ದೂರುದಾರನು ತಾನು ವಾಸಿಸುವ ಇಲ್ಲವೆ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ರಾಜ್ಯದ ಗಡಿ ಈಗ ನ್ಯಾಯಕ್ಕೆ ಅಡ್ಡಿಯಲ್ಲ. ಸ್ವಂತ ಟ್ಯಾಕ್ಸಿಯನ್ನೋ ರಿಕ್ಷಾವನ್ನೋ ತಾವೇ ಓಡಿಸಿ ಅದರಿಂದಲೇ ಜೀವನ ಸಾಗಿಸುವ ತಂದೆಯರಿಗೂ ಈ ಶಾಸನ ಗ್ರಾಹಕರೆಂಬ ಸ್ಥಾನ ಕೊಟ್ಟಿದೆ. ಚಕ್ರ ನಿಂತರೆ ಅಂಥವರ ಮನೆಯ ಒಲೆಯೇ ನಿಲ್ಲುತ್ತದೆ.

ಹಕ್ಕು ಶಾಸನದ ಪುಸ್ತಕದಲ್ಲಿದೆ. ಅದನ್ನು ಪಡೆಯುವ ಸಾಮರ್ಥ್ಯ ಮನುಷ್ಯನ ಅಭ್ಯಾಸದಲ್ಲಿದೆ. ನೋಡಿ ಒಪ್ಪಿಸುವುದು, ಬರೆದಿಡುವುದು, ಇದ್ದದ್ದನ್ನು ಇದ್ದಂತೆ ಹೇಳುವುದು, ಈ ಮೂರನ್ನೂ ಶಾಲೆಯಲ್ಲಿಯೇ ಕಲಿಯಬಹುದು. ಹಳೆಯ ಗೀರಿಗೆ ಹೊಸ ಪರಿಹಾರ ಕೇಳುವವನೂ, ಹೊಸ ಗೀರನ್ನು ಹಳೆಯದೆನ್ನುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರು.

ಅಭ್ಯಾಸ

1. ಒಪ್ಪಿಕೊಂಡ ವಸ್ತುವನ್ನು ಎಷ್ಟು ಜೋಪಾನದಿಂದ ನೋಡಿಕೊಳ್ಳಬೇಕೆಂದು ಶಾಸನ ಹೇಳುತ್ತದೆ?
2. ಹಣ ಕೊಡದೆ ಜಗಳವಾಡುವುದಕ್ಕಿಂತ ಆಕ್ಷೇಪಣೆ ಬರೆದು ಕೊಡುವುದು ಏಕೆ ಮೇಲು?
3. ಸರ್ವಿಸಿಗೆ ಬಿಟ್ಟ ನಿಮ್ಮ ಮನೆಯ ಸೈಕಲ್ಲು ಡೊಂಕಾದ ಚಕ್ರದೊಂದಿಗೆ ಮರಳಿತೆಂದು ಭಾವಿಸಿ, ಅಂಗಡಿಯವರಿಗೆ ಹತ್ತು ಸಾಲುಗಳ ವಿನಯದ ಪತ್ರವೊಂದನ್ನು ಬರೆದು ತಂದೆತಾಯಿಯರಿಗೆ ಓದಿ ಹೇಳಿರಿ.