ಅರ್ಜಿಯ ಕೊನೆಯ ದಿನ ಪ್ರಾಕ್ಸಿ ಕೈಕೊಡದಿರಲು

ಅರ್ಜಿ ಸಲ್ಲಿಸಲು ಕೊನೆಯ ದಿನ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೈಬರ್ ಸೆಂಟರ್‌ಗಳಲ್ಲಿ ಒಂದೇ ಮಾತು: ‘ಸರ್ವರ್ ಬಿಝಿ’. ಇದಕ್ಕೆ ಪ್ರತಿ ಸಲವೂ ದೊಡ್ಡ ಯಂತ್ರವೇ ಬೇಕೆಂದಿಲ್ಲ. ನಮ್ಮ ಕಾಲೇಜು, ಸಹಕಾರ ಸಂಘಗಳ ವೆಬ್‌ಸೈಟ್ ನೋಡಿಕೊಳ್ಳುವವರು, ಬಂದ ಕೋರಿಕೆಯನ್ನು ತನ್ನ ಹಿಂದಿನ ಸರ್ವರ್‌ಗೆ ದಾಟಿಸುವ ಎಂಜಿನ್‌ಎಕ್ಸ್ ಪ್ರಾಕ್ಸಿಯ ಕೆಲವು ಸಾಲು ಸರಿಪಡಿಸಿದರೂ ಎಷ್ಟೋ ಹಗುರವಾಗುತ್ತದೆ.

ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆಯುವುದೆಂದರೆ ಬೆಲ್ಲಕ್ಕೊಮ್ಮೆ, ಉಪ್ಪಿಗೊಮ್ಮೆ ಸಂತೆಗೆ ಹೋಗಿಬಂದಂತೆ. ತೆರೆದ ಸಂಪರ್ಕವನ್ನೇ ಮತ್ತೆ ಬಳಸಿದರೆ ಆ ಓಡಾಟ ಉಳಿಯುತ್ತದೆ.

1. ಮರುಬಳಕೆ: ಅಪ್‌ಸ್ಟ್ರೀಮ್ ಬ್ಲಾಕ್‌ನಲ್ಲಿ ‘ಕೀಪ್‌ಅಲೈವ್ 16’ ಎಂದು ಬರೆಯಿರಿ. ಪ್ರಾಕ್ಸಿಯ ಎಚ್‌ಟಿಟಿಪಿ ಆವೃತ್ತಿ 1.1 ಇರಲಿ, ‘ಕನೆಕ್ಷನ್’ ಹೆಡರ್ ಖಾಲಿ ಇರಲಿ. 16 ಎಂಬುದು ಎಂಜಿನ್‌ಎಕ್ಸ್‌ನ ಪ್ರತಿ ವರ್ಕರ್ ಪ್ರಕ್ರಿಯೆಗೆ. ನಾಲ್ಕು ವರ್ಕರ್ ಇದ್ದರೆ 64 ಸಂಪರ್ಕಗಳವರೆಗೆ ಸುಮ್ಮನೆ ತೆರೆದಿರುತ್ತವೆ. ಹಿಂದಿನ ಸರ್ವರ್ ಅಷ್ಟನ್ನು ತಾಳಬೇಕು.

2. ಬಿಡುವಿನ ಅವಧಿ: ಹೆಚ್ಚಿನವರು ಎಡವುವುದು ಇಲ್ಲೇ. ಎಂಜಿನ್‌ಎಕ್ಸ್ ಸುಮ್ಮನಿರುವ ಸಂಪರ್ಕವನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಹಿಂದಿನ ಸರ್ವರ್ ನೋಡ್‌ಜೆಎಸ್ ಆಗಿದ್ದರೆ, ಅದರ ಹಲವು ಆವೃತ್ತಿಗಳು 5 ಸೆಕೆಂಡಿಗೇ ಮುಚ್ಚುತ್ತವೆ. ಮುಚ್ಚುವ ಗಳಿಗೆಯಲ್ಲೇ ಅರ್ಜಿ ಹೋದರೆ 502 ದೋಷ. ಒಮ್ಮೆ ಕಳಿಸಿದ ‘ಪೋಸ್ಟ್’ ಕೋರಿಕೆಯನ್ನು ಎಂಜಿನ್‌ಎಕ್ಸ್ ತಾನಾಗಿ ಮತ್ತೆ ಕಳಿಸುವುದಿಲ್ಲ, ಹಾಗಾಗಿ ಪೆಟ್ಟು ಬೀಳುವುದು ವಿದ್ಯಾರ್ಥಿಗೆ. ಹಿಂದಿನ ಸರ್ವರ್‌ನ ಅವಧಿಯನ್ನು 65 ಸೆಕೆಂಡಿಗೆ ಏರಿಸಿ. ಅವಧಿ ಯಾವಾಗಲೂ ಪ್ರಾಕ್ಸಿಯದ್ದು ಕಡಿಮೆ, ಹಿಂದಿನದ್ದು ಹೆಚ್ಚು.

3. ಕಾಯುವ ಮಿತಿ: ಸಂಪರ್ಕಕ್ಕೆ, ಕಳಿಸಲು, ಓದಲು ಮೂರಕ್ಕೂ ಮೊದಲಿಗೆ 60 ಸೆಕೆಂಡ್ ಇರುತ್ತದೆ. ಒಂದೇ ಕೋಣೆಯ ಸರ್ವರ್‌ಗೆ ಸಂಪರ್ಕ ಸಿಗಲು 3–5 ಸೆಕೆಂಡ್ ಸಾಕು. ಓದುವ ಮಿತಿಯನ್ನು ಮಾತ್ರ ಅವಸರದಲ್ಲಿ ಇಳಿಸಬೇಡಿ. ಅದು ಇಡೀ ಉತ್ತರಕ್ಕಲ್ಲ, ಎರಡು ಓದುಗಳ ನಡುವಿನ ಮೌನಕ್ಕೆ. ಮಿತಿ ಮೀರಿ 504 ದೋಷ ತೋರಿಸಿದ ಮೇಲೂ ಹಿಂದಿನ ಸರ್ವರ್‌ನಲ್ಲಿ ಅರ್ಜಿ ದಾಖಲಾಗಿರಬಹುದು. ಮತ್ತೆ ಒತ್ತಿದವರು ಎರಡು ಸಲ ಶುಲ್ಕ ಕಟ್ಟಬೇಕಾಗಬಹುದು.

4. ಪರೀಕ್ಷೆ: ‘ಎಂಜಿನ್‌ಎಕ್ಸ್ -ಟಿ’ ಆಜ್ಞೆಯಿಂದ ತಪ್ಪು ನೋಡಿಕೊಂಡು ರೀಲೋಡ್ ಮಾಡಿ, ಸೇವೆ ನಿಲ್ಲುವುದಿಲ್ಲ. ಬಳಿಕ ಎರರ್ ಲಾಗ್ ತೆರೆಯಿರಿ. ‘ಅಪ್‌ಸ್ಟ್ರೀಮ್ ಪ್ರಿಮೆಚ್ಯೂರ್ಲಿ ಕ್ಲೋಸ್ಡ್ ಕನೆಕ್ಷನ್’ ಎಂಬ ಸಾಲು ಮತ್ತೆ ಮತ್ತೆ ಕಂಡರೆ ಎರಡನೆಯ ಹಂತಕ್ಕೆ ಮರಳಿ.

ಈ ಕೆಲಸವನ್ನು ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಮುಗಿಸಿ. ಹಳ್ಳಿಯಿಂದ ಬಸ್ಸಿಗೆ ದುಡ್ಡು ಕೊಟ್ಟು ಬಂದ ವಿದ್ಯಾರ್ಥಿ ಬರಿಗೈಲಿ ಮರಳಬಾರದು.