ತಂತಿಯಿಲ್ಲದ ನಂಟು: ಬ್ಲೂಟೂತ್



ಕಳೆದ ರವಿವಾರ ನಮ್ಮ ವಾಚನಾಲಯದಲ್ಲಿ ನಡೆದ ಸಂಗತಿ ಇದು. ಭೋಸರಿಯ ಕಾರಖಾನೆಯಲ್ಲಿ ದುಡಿಯುವ ನಮ್ಮ ಬಂಧುವೊಬ್ಬರು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಊರಿನಿಂದ ತಾಯಿ ಕಳಿಸಿದ ಮಾತನ್ನು ಕೇಳಲು ಕುಳಿತರು. ಆ ಮಾತು ಅವರ ಕಿವಿಯಲ್ಲಿ ಕೇಳಲಿಲ್ಲ. ಮೂಲೆಯಲ್ಲಿದ್ದ ಸ್ಪೀಕರಿನಿಂದ ಹೊರಟಿತು! ಮನೆಯ ಸಾಲದ ವಿಚಾರ ಹತ್ತು ಜನರ ಕಿವಿಗೆ ಬಿದ್ದಿತು. ಹಬ್ಬದ ದಿನ ಹಾಡು ಹಚ್ಚಲು ಆ ಸ್ಪೀಕರಿಗೆ ತಮ್ಮ ಫೋನನ್ನು ಜೋಡಿಸಿದ್ದನ್ನು ಅವರು ಮರೆತಿದ್ದರು, ಫೋನು ಮರೆತಿರಲಿಲ್ಲ. ಆದ್ದರಿಂದ ಈ ಸಲ ಬ್ಲೂಟೂತಿನ ವಿಷಯವನ್ನೇ ತಿಳಿದುಕೊಳ್ಳೋಣ.

ಬ್ಲೂಟೂತ್ ಎಂಬುದು ಒಂದು ಚಿಕ್ಕ ರೇಡಿಯೋ. ಫೋನಿನಲ್ಲಿ ಒಂದು, ಇಯರ್‌ಫೋನಿನಲ್ಲಿ ಇನ್ನೊಂದು ಇರುತ್ತದೆ. ಇವುಗಳ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಶಕ್ತಿ ಬಹಳ ಕಡಿಮೆಯಾದ್ದರಿಂದ ಮಾತು ಸಾಮಾನ್ಯವಾಗಿ ಹತ್ತು ಮೀಟರಿನ ಆಸುಪಾಸಿನಲ್ಲಿಯೇ ಮುಗಿಯುತ್ತದೆ. ನಮ್ಮ ದೇಹದಲ್ಲಿ ನೀರು ಹೆಚ್ಚು. ನೀರು ಈ ಅಲೆಯನ್ನು ಹೀರುತ್ತದೆ. ಫೋನು ಹಿಂದಿನ ಜೇಬಿನಲ್ಲಿದ್ದಾಗ ಧ್ವನಿ ತುಂಡಾಗುವದು ಇದರಿಂದಲೇ.

ಸ್ವೀಡನ್ ದೇಶದ ಎರಿಕ್‌ಸನ್ ಕಂಪನಿಯವರು 1994ರಲ್ಲಿ ಈ ಕೆಲಸವನ್ನು ಕೈಕೊಂಡರು. 1998ರಲ್ಲಿ ಎರಿಕ್‌ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಈ ಐದು ಕಂಪನಿಗಳು ಕೂಡಿ ಸಂಘ ಕಟ್ಟಿದವು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡನಿಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆಯಾಗಿದ್ದವರನ್ನು ಒಂದುಗೂಡಿಸಿದವನೆಂದು ಅವನ ಹೆಸರನ್ನೇ ಇಟ್ಟರು.

ಹಿಂದೆ ಮನೆಯ ರೇಡಿಯೋಕ್ಕೂ ಅಂಚೆಕಚೇರಿಯಲ್ಲಿ ಲಾಯಸೆನ್ಸಿನ ಹಣ ಕಟ್ಟಬೇಕಾಗಿದ್ದುದು ಹಿರಿಯರಿಗೆ ನೆನಪಿರಬಹುದು. ಬ್ಲೂಟೂತ್ ಬಳಸುವ ಅಲೆಗಳಿಗೆ 2005ರಲ್ಲಿ ನಮ್ಮ ಸರಕಾರವು ಲಾಯಸೆನ್ಸಿನಿಂದ ವಿನಾಯಿತಿ ಕೊಟ್ಟಿತು.

ರೇಡಿಯೋ ಅಲೆಗಳು ಒಂದರ ಮೇಲೊಂದು ಬಿದ್ದರೆ ಮಾತು ಕೆಡುತ್ತದೆ. ನಮ್ಮ ಪುಣೆ ಜಿಲ್ಲೆಯ ನಾರಾಯಣಗಾವದ ಹತ್ತಿರ, ಖೋಡದದಲ್ಲಿ, ತಲಾ 45 ಮೀಟರು ಅಗಲದ 30 ಆಂಟೆನಾಗಳ ದೂರದರ್ಶಕವಿದೆ. ಅದು ನಕ್ಷತ್ರಲೋಕದ ಕ್ಷೀಣ ಅಲೆಗಳನ್ನು ಆಲಿಸುತ್ತದೆ. ಹತ್ತಿರದ ಗದ್ದಲ ಅಡ್ಡಬರಬಾರದೆಂದು ಅಲ್ಲಿಗೆ ಹೋದವರು ಮೊಬೈಲನ್ನು ಬಂದು ಮಾಡಬೇಕಾಗುತ್ತದೆ. ಹಾಗಾದರೆ ಒಂದೇ ಕೋಣೆಯಲ್ಲಿ ಹತ್ತು ಜನರ ಇಯರ್‌ಫೋನು ಹೇಗೆ ನಡೆಯುತ್ತವೆ? ಇಯರ್‌ಫೋನಿನ ಹಾಡು 79 ದಾರಿಗಳಲ್ಲಿ ಸೆಕೆಂಡಿಗೆ 1600 ಸಲ ಹಾರುತ್ತ ಸಾಗುತ್ತದೆ. ಹಾರುವ ಕ್ರಮ ಜೋಡಿಯಾದ ಎರಡು ಯಂತ್ರಗಳಿಗೆ ಗೊತ್ತು. ಎಲ್ಲಿಯಾದರೂ ಡಿಕ್ಕಿಯಾದರೆ ಮರುಕ್ಷಣ ಬೇರೆ ದಾರಿ.

ಈ ಜೋಡಣೆಗೆ ನಮ್ಮ ಒಪ್ಪಿಗೆ ಬೇಕು. ಅದು ಒಂದು ಸಲ ಸಿಕ್ಕರೆ ಯಂತ್ರವು ಮತ್ತೆ ಕೇಳುವದಿಲ್ಲ. ಹತ್ತಿರ ಬಂದೊಡನೆ ತಾನೇ ಕೂಡಿಕೊಳ್ಳುತ್ತದೆ. ಆದ್ದರಿಂದ ನಾಲ್ಕು ಮಾತು ನೆನಪಿಡೋಣ. ಗುರುತಿಲ್ಲದ ಹೆಸರು ಜೋಡಣೆ ಕೇಳಿದರೆ ‘ಬೇಡ’ ಎನ್ನೋಣ. ಎರಡೂ ಕಡೆ ಅಂಕಿಗಳು ತೋರಿದರೆ ಒಂದೇ ಇವೆಯೇ ಎಂದು ನೋಡಿ ಒಪ್ಪೋಣ. ಬಾಡಿಗೆಯ ಕಾರಿಗೆ ಫೋನು ಜೋಡಿಸಿದಾಗ ನಮ್ಮವರ ಹೆಸರು, ನಂಬರುಗಳು ಕಾರಿನಲ್ಲಿ ಉಳಿಯಬಹುದು. ಇಳಿಯುವ ಮೊದಲು ಅಳಿಸೋಣ. ಕೆಲಸವಿಲ್ಲದಾಗ ಬ್ಲೂಟೂತ್ ಆರಿಸೋಣ.

ಆ ಬಂಧುವಿನ ಫೋನಿನ ಪಟ್ಟಿಯಿಂದ ಸ್ಪೀಕರಿನ ಹೆಸರನ್ನು ಅಂದೇ ತೆಗೆದೆವು. ಬಳಿಕ ಅವರು ತಾಯಿಯ ಮಾತನ್ನು ಒಬ್ಬರೇ ಕೇಳಿದರು.