ವಲಸೆ ಕಾರ್ಮಿಕರ ಬಿಡಾರಗಳಲ್ಲಿ ಆರೋಗ್ಯ ಸ್ವಯಂಸೇವಕಿಯರ ತರಬೇತಿ

ಕಬ್ಬು ಕಟಾವಿಗೆಂದು ಬಂದು ಹೊಲದಂಚಿನಲ್ಲಿ ಬೀಡುಬಿಟ್ಟ ಕುಟುಂಬಗಳು ಆಶಾ ಕಾರ್ಯಕರ್ತೆಯರ ಮನೆಪಟ್ಟಿಯಿಂದ ಹೊರಗುಳಿಯುವುದುಂಟು. ಅಲ್ಲಿ ಮಗುವಿಗೆ ಭೇದಿಯಾದರೆ ತಾಯಿಯು ಮೊದಲು ವಿಚಾರಿಸುವುದು ಪಕ್ಕದ ಗುಡಿಸಲಿನವಳನ್ನೇ. ಆದುದರಿಂದ ಸ್ವಯಂಸೇವಕಿಯನ್ನು ಬಿಡಾರದ ಮಹಿಳೆಯರೇ ತಮ್ಮೊಳಗಿನಿಂದ ಆರಿಸತಕ್ಕದ್ದು. ಮೇಸ್ತ್ರಿ ಸೂಚಿಸಿದವಳ ಮುಂದೆ ಅವರು ಬಾಯಿಬಿಡುವುದು ಕಡಿಮೆ. ಓದುಬರಹ ಬಾರದಿರುವುದು ಅಡ್ಡಿಯಲ್ಲ.

ತರಬೇತಿಯು ಕೆಲಸ ಮುಗಿದ ಮೇಲೆ ಬಿಡಾರದಲ್ಲಿಯೇ ನಡೆಯಲಿ. ಓ.ಆರ್.ಎಸ್. ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಆಕೆಯೇ ಕಲಸಲಿ. ಆ ಲೀಟರನ್ನು ಬಿಡಾರದ ಚೊಂಬಿನಿಂದಲೇ ಅಳೆಯಲು ಕಲಿಯಲಿ. ಉಳಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ಭೇದಿ ನಿಂತರೂ ಜಿಂಕ್ ಮಾತ್ರೆಯನ್ನು 14 ದಿನ ಪೂರೈಸಬೇಕು. ಮಗು ಕುಡಿಯಲಾರದಾದರೆ, ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಬೇಕು.

ಸದಸ್ಯರು ಆಕೆಯನ್ನು ಆಶಾ ಕಾರ್ಯಕರ್ತೆಗೆ ಪರಿಚಯಿಸಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಆಹ್ವಾನಿಸತಕ್ಕದ್ದು.